ಒಂದು ಗೆರೆಗೆ ಕಾಲು ಡಿಗ್ರಿ: ಹೊಸೂರಿನ ಶೆಡ್ಡೊಂದರಲ್ಲಿ ಲೇಸರಿನಿಂದ ಪೈಪು ಬಾಗಿಸಿದ ಪ್ರಕರಣ

ಹೊಸೂರಿನ ಕೈಗಾರಿಕಾ ವಲಯದ ಒಂದು ಸಣ್ಣ ಶೆಡ್ಡಿನಲ್ಲಿ ನಡೆದ ಕೆಲಸ ಇದು. ಮಾಲೀಕರನ್ನು ಕೇಳಿಯೇ ಬರೆಯುತ್ತಿದ್ದೇನೆ. ಅವರ ಹೆಸರು, ಗಿರಾಕಿಯ ಹೆಸರು, ಮಷೀನು ಮಾರಿದವರ ಹೆಸರು ಯಾವುದೂ ಇಲ್ಲಿಲ್ಲ. ಉತ್ಪಾದನೆಯ ಲೆಕ್ಕಗಳನ್ನೂ ಗುರುತು ಸಿಗದಷ್ಟು ಆಚೀಚೆ ಮಾಡಿದ್ದೇನೆ. ಲೋಹ ನಡೆದುಕೊಂಡ ರೀತಿಯನ್ನು ಮಾತ್ರ ಮುಟ್ಟಿಲ್ಲ. ಆ ಶೆಡ್ಡಿಗೆ ವಾರಕ್ಕೆರಡು ದಿನ ಪ್ರಾಸೆಸ್ ಕೆಲಸ ನೋಡಿಕೊಡಲು ಹೋಗುತ್ತಿದ್ದವನು ನಾನು. ಇಲ್ಲಿ ಆದ ಒಳ್ಳೆಯ ತೀರ್ಮಾನಗಳಲ್ಲೂ ಕೆಟ್ಟ ತೀರ್ಮಾನಗಳಲ್ಲೂ ನನ್ನ ಪಾಲು ಇದೆ.

ಶೆಡ್ಡು, ಪೈಪು

ತಮಿಳುನಾಡು ಸರಕಾರ 1971ರಲ್ಲಿ ಕೈಗಾರಿಕಾ ವಲಯಗಳನ್ನು ಬೆಳೆಸಲು ಸಿಪ್‌ಕಾಟ್ ಸಂಸ್ಥೆಯನ್ನು ಕಟ್ಟಿದ ಮೇಲೆ ಹೊಸೂರಿಗೆ ಕಾರ್ಖಾನೆಗಳು ಬಂದವು. ದೊಡ್ಡ ಕಾರ್ಖಾನೆಗಳ ಬೆನ್ನ ಹಿಂದೆ ಅವಕ್ಕೆ ಬಿಡಿಭಾಗ ಮಾಡಿಕೊಡುವ ನೂರಾರು ಶೆಡ್ಡುಗಳು ಎದ್ದವು. ತಳಿ, ಡೆಂಕಣಿಕೋಟೆ, ಬಾಗಲೂರು, ಬೇರಿಗೈ ಕಡೆಯ ಹಳ್ಳಿಗಳಿಂದ ಬರುವ ಹುಡುಗರು ಮನೆಯಲ್ಲಿ ಕನ್ನಡವನ್ನೋ ತೆಲುಗನ್ನೋ ಆಡಿ, ಬಸ್ಸಿನಲ್ಲಿ ತಮಿಳು ಮಾತಾಡಿ, ಮಷೀನಿನ ಮುಂದೆ ಮೂರನ್ನೂ ಕಲಸಿ ಕೆಲಸ ಮಾಡುತ್ತಾರೆ. ಈ ಶೆಡ್ಡಿನಲ್ಲೂ ಹಾಗೆಯೇ. ಹದಿನಾಲ್ಕು ಜನ, ಒಂದು ಮ್ಯಾಂಡ್ರೆಲ್ ಬೆಂಡಿಂಗ್ ಮಷೀನು (ಚಪ್ಪಟೆಯಾಗದಂತೆ ಮ್ಯಾಂಡ್ರೆಲ್ ಎಂಬ ಸಲಾಕೆಯನ್ನು ಒಳಗಿಟ್ಟು ಪೈಪು ಬಾಗಿಸುವಂಥದ್ದು), ಎರಡು ಟಿಗ್ ವೆಲ್ಡಿಂಗ್ ಸೆಟ್ಟು, ಒಂದು ಬ್ಯಾಂಡ್‌ಸಾ. ಅದರ ಹಿಂದಿನ ವರ್ಷ ಸಾಲ ಮಾಡಿ ತಂದಿದ್ದ 1.5 ಕಿಲೋವಾಟಿನ ಕೈಯಲ್ಲಿ ಹಿಡಿಯುವ ಫೈಬರ್ ಲೇಸರ್ ವೆಲ್ಡಿಂಗ್ ಮಷೀನೂ ಇತ್ತು.

ಪೈಪು ವಾಹನದಲ್ಲಿ ಕೂಲಂಟ್, ಅಂದರೆ ತಂಪು ಮಾಡುವ ದ್ರವ, ಹಾಯುವಂಥದ್ದು. 304ಎಲ್ ಸ್ಟೇನ್‌ಲೆಸ್ ಸ್ಟೀಲ್, ಹೊರವ್ಯಾಸ 16 ಮಿ.ಮೀ., ಗೋಡೆಯ ದಪ್ಪ 1.2 ಮಿ.ಮೀ., ಮೂರು ಬಾಗು, ಎರಡು ತುದಿಗೂ ಬೆಸೆದ ಫ್ಲೇಂಜು, ಅಂದರೆ ಜೋಡಿಸಲು ಬೇಕಾದ ಚಪ್ಪಟೆ ಬಿಲ್ಲೆ. ಕೊನೆಯ ಬಾಗಿನ ಮೂಲೆಯಿಂದ ಫ್ಲೇಂಜಿನ ಮುಖಕ್ಕೆ 120 ಮಿ.ಮೀ. ತಿಂಗಳಿಗೆ ಸುಮಾರು 1,200 ಪೈಪು ಹೋಗಬೇಕು.

ಎರಡು ಮಿಲಿಮೀಟರಿನ ಕಾಟ

ಪೈಪನ್ನು ಎಷ್ಟು ಡಿಗ್ರಿಗೆ ಬಾಗಿಸಿದರೂ ಹಿಡಿತ ಬಿಟ್ಟ ಕ್ಷಣ ಅದು ಸ್ವಲ್ಪ ಹಿಂದಕ್ಕೆ ಬಿಚ್ಚಿಕೊಳ್ಳುತ್ತದೆ. ಇದು ಸ್ಪ್ರಿಂಗ್ ಬ್ಯಾಕ್. ಸ್ಟೇನ್‌ಲೆಸ್ಸಿನಲ್ಲಿ ಇದು ಸಾದಾ ಉಕ್ಕಿಗಿಂತ ಹೆಚ್ಚು. ಆಪರೇಟರ್ ಅದನ್ನು ಲೆಕ್ಕಕ್ಕೆ ಹಿಡಿದು ಎರಡು ಮೂರು ಡಿಗ್ರಿ ಹೆಚ್ಚಾಗಿಯೇ ಬಾಗಿಸುತ್ತಾನೆ. ತೊಂದರೆ ಏನೆಂದರೆ, ಈ ಎರಡು ಮೂರು ಡಿಗ್ರಿ ಎಲ್ಲ ಪೈಪಿಗೂ ಒಂದೇ ಇರುವುದಿಲ್ಲ. ಬ್ಯಾಚು ಬದಲಾದರೆ ಲೋಹದ ಗಟ್ಟಿತನ ಬದಲಾಗುತ್ತದೆ, ಗೋಡೆಯ ದಪ್ಪ ಕೂದಲೆಳೆಯಷ್ಟು ಬದಲಾಗುತ್ತದೆ, ಬಿಚ್ಚಿಕೊಳ್ಳುವ ಕೋನವೂ ಬದಲಾಗುತ್ತದೆ. ಅದರ ಮೇಲೆ ಫ್ಲೇಂಜು ಬೆಸೆದಾಗ ವೆಲ್ಡು ತಣಿಯುತ್ತಾ ತನ್ನ ಕಡೆಗೆ ಒಂದಿಷ್ಟು ಎಳೆಯುತ್ತದೆ.

120 ಮಿ.ಮೀ. ದೂರದಲ್ಲಿ ಒಂದು ಡಿಗ್ರಿ ಎಂದರೆ 2 ಮಿ.ಮೀ. ಗಿರಾಕಿ ಕೊಟ್ಟ ಗೇಜಿನಲ್ಲಿ, ಅಂದರೆ ಪೈಪು ಕೂರಿಸಿ ಅಳತೆ ನೋಡುವ ಅಚ್ಚಿನಲ್ಲಿ, ಆಚೆಗೆ ಒಂದು, ಈಚೆಗೆ ಒಂದು ಮಿಲಿಮೀಟರು ಮಾತ್ರ ಜಾಗ. ಅಂದರೆ ಅರ್ಧ ಡಿಗ್ರಿ ತಪ್ಪಿದರೆ ಪೈಪು ಗೇಜಿನಲ್ಲಿ ಕೂರುವುದಿಲ್ಲ. ತಿಂಗಳಿಗೆ ಇನ್ನೂರರ ಹತ್ತಿರ ಪೈಪುಗಳು ಹೀಗೆ ಗೇಜಿನ ಹೊರಗೆ ನಿಲ್ಲುತ್ತಿದ್ದವು.

ಫ್ಲೇಂಜು ಬೆಸೆದಾದ ಮೇಲೆ ಪೈಪನ್ನು ಬೆಂಡಿಂಗ್ ಮಷೀನಿಗೆ ಮತ್ತೆ ಹಾಕುವ ಹಾಗಿಲ್ಲ. ಮ್ಯಾಂಡ್ರೆಲ್ ಒಳಹೋಗುವುದಿಲ್ಲ, ಹಿಡಿಯಲು ಸಾಕಷ್ಟು ನೇರ ಭಾಗವೂ ಇಲ್ಲ. ಹೀಗಾಗಿ ಎಲ್ಲ ಶೆಡ್ಡುಗಳಲ್ಲಿ ಮಾಡುವುದನ್ನೇ ಇಲ್ಲಿಯೂ ಮಾಡುತ್ತಿದ್ದರು: ವೈಸಿಗೆ ಕಟ್ಟಿ, ಫ್ಲೇಂಜಿಗೆ ಸನ್ನೆಕೋಲು ಕೊಟ್ಟು ಎಳೆಯುವುದು. ಕೆಲವು ಸರಿಹೋಗುತ್ತಿದ್ದವು. ಕೆಲವು ಬಾಗಬೇಕಾದ ಕಡೆ ಬಾಗದೆ ವೆಲ್ಡಿನ ಅಂಚಿನಲ್ಲಿ ಬಾಗುತ್ತಿದ್ದವು. ನೀರಿನಲ್ಲಿ ಮುಳುಗಿಸಿ ಗಾಳಿ ತುಂಬಿದಾಗ ಅಲ್ಲಿಂದ ಗುಳ್ಳೆ ಏಳುತ್ತಿತ್ತು. ಇನ್ನು ಕೆಲವು ಅಡಕಿದ ಹಾಗೆ ಚಪ್ಪಟೆಯಾಗುತ್ತಿದ್ದವು. ತಿಂಗಳಿಗೆ ಅರವತ್ತರಷ್ಟು ಪೈಪು, ಬಾಗಿಸಿದ ಕೂಲಿ, ಬೆಸೆದ ಕೂಲಿ, ಫ್ಲೇಂಜು ಸಮೇತ ಗುಜರಿಗೆ ಹೋಗುತ್ತಿತ್ತು.

ಒಮ್ಮೆ ಗ್ಯಾಸ್ ಟಾರ್ಚಿನಲ್ಲಿ ಕಾಯಿಸಿ ಎಳೆದೂ ನೋಡಿದ್ದರಂತೆ. ಶಾಖ ಹಬ್ಬಿ ಫ್ಲೇಂಜಿನ ಮುಖವೇ ಸೊಟ್ಟಗಾಗಿ ಅದನ್ನು ಕೈಬಿಟ್ಟಿದ್ದರು.

ಮೊದಲು ಮಾಡಿದ್ದು ತಪ್ಪು ಕೆಲಸ

ಲೇಸರಿನ ಮಾತು ಬಂದದ್ದು ಈ ತೊಂದರೆಯಿಂದಲ್ಲ. ಗಿರಾಕಿ ಅದೇ ಪೈಪಿನ ಹೊಸ ಮಾದರಿ ಕೇಳಿದ್ದರು, ಅದರಲ್ಲಿ ಒಂದು ಬಾಗಿನ ತ್ರಿಜ್ಯ ಬೇರೆ. ಬೇರೆ ತ್ರಿಜ್ಯ ಎಂದರೆ ಪೈಪು ಸುತ್ತಿಕೊಂಡು ಬಾಗುವ ಅಚ್ಚಾದ ಡೈ ಬೇರೆ, ಒಳಬದಿ ಸುಕ್ಕಾಗದಂತೆ ತಡೆಯುವ ವೈಪರ್ ಬೇರೆ, ಮ್ಯಾಂಡ್ರೆಲ್ ಬೇರೆ. ಸೆಟ್ಟಿಗೆ ಒಂದೂವರೆ ಲಕ್ಷದ ಸುಮಾರು. ಆರ್ಡರು ಚಿಕ್ಕದು. ಡೈಯೇ ಇಲ್ಲದೆ ಲೇಸರಿನ ಶಾಖದಿಂದಲೇ ಪೈಪು ಬಾಗುವ ವೀಡಿಯೊ ಒಂದನ್ನು ಮಾಲೀಕರು ನೋಡಿದ್ದರು.

"ಮಷೀನು ಹೇಗೂ ಇದೆಯಲ್ಲ, ಒಂದು ಕೈ ನೋಡೋಣ" ಅಂದರು.

ನಾನೂ ಹೂಂ ಅಂದೆ. ಆಗ ಕೂತು ಅರ್ಧ ಗಂಟೆ ಲೆಕ್ಕ ಹಾಕಿದ್ದರೆ ಮೂರು ವಾರ ಉಳಿಯುತ್ತಿತ್ತು.

ತತ್ವ ಹೊಸದೇನಲ್ಲ. ಹಡಗು ಕಟ್ಟುವ ಯಾರ್ಡುಗಳಲ್ಲಿ ದಪ್ಪ ಉಕ್ಕಿನ ಹಾಳೆಯ ಮೇಲೆ ಗ್ಯಾಸ್ ಜ್ವಾಲೆಯಿಂದ ಗೆರೆ ಎಳೆದು, ನೀರು ಹಾಯಿಸಿ ಬಾಗಿಸುವುದು ದಶಕಗಳ ಹಳೆಯ ಪದ್ಧತಿ. ಜ್ವಾಲೆಯ ಜಾಗಕ್ಕೆ ಲೇಸರ್ ಬಂದದ್ದು 1980ರ ದಶಕದ ಪ್ರಯೋಗಗಳಲ್ಲಿ. ಪೈಪಿನ ವಿಷಯಕ್ಕೆ ಬಂದರೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ವೆಂಚುವಾನ್ ಲಿ ಮತ್ತು ಲಾರೆನ್ಸ್ ಯಾವೊ 2001ರಲ್ಲೇ ಅದರ ಒಳಲೆಕ್ಕವನ್ನು ಬಿಡಿಸಿ ಪ್ರಕಟಿಸಿದ್ದಾರೆ. ಬಾಗಬೇಕಾದ ಕಡೆ ಪೈಪಿನ ಅರ್ಧ ಸುತ್ತಿನಷ್ಟು ಜಾಗಕ್ಕೆ ಲೇಸರ್ ಹಾಯಿಸುತ್ತಾರೆ. ಕಾದ ಲೋಹ ಹಿಗ್ಗಲು ನೋಡುತ್ತದೆ, ಆದರೆ ಎರಡು ಪಕ್ಕದ ತಣ್ಣನೆಯ ಲೋಹ ಜಾಗ ಕೊಡುವುದಿಲ್ಲ. ಕಾದದ್ದು ಮೆತ್ತಗಾಗಿರುವುದರಿಂದ ಉದ್ದಕ್ಕೆ ಹಿಗ್ಗಲಾರದೆ ತನ್ನೊಳಗೇ ಒತ್ತಿಕೊಂಡು ದಪ್ಪವಾಗುತ್ತದೆ. ತಣಿಯುವಾಗ ಕುಗ್ಗಲು ಯಾರ ತಡೆಯೂ ಇಲ್ಲ. ಮೊದಲಿದ್ದ ಉದ್ದಕ್ಕಿಂತ ಗಿಡ್ಡವಾಗುತ್ತದೆ. ಒಂದು ಪಕ್ಕ ಗಿಡ್ಡವಾದರೆ ಪೈಪು ಆ ಕಡೆಗೆ, ಅಂದರೆ ಲೇಸರ್ ಬಿದ್ದ ಕಡೆಗೇ ಬಾಗುತ್ತದೆ.

ಡೈ ಹಾಕಿ ಎಳೆದು ಬಾಗಿಸಿದಾಗ ಹೊರಬದಿಯ ಗೋಡೆ ತೆಳುವಾಗುತ್ತದೆ. ಇಲ್ಲಿ ಹೊರಬದಿ ಹೆಚ್ಚುಕಡಿಮೆ ಇದ್ದ ಹಾಗೆಯೇ ಇರುತ್ತದೆ, ಒಳಬದಿ ದಪ್ಪವಾಗುತ್ತದೆ. ಒತ್ತಿ ಹಿಡಿದದ್ದು ಏನೂ ಇಲ್ಲವಾದ್ದರಿಂದ ಹಿಡಿತ ಬಿಟ್ಟಾಗ ಬಿಚ್ಚಿಕೊಳ್ಳುವುದೂ ಇಲ್ಲ. ಕಾಗದದ ಮೇಲೆ ಇದಕ್ಕಿಂತ ಚೆಂದದ ವಿಧಾನ ಇಲ್ಲ.

ಶೆಡ್ಡಿನಲ್ಲಿ ಆದದ್ದು ಹೀಗೆ. ಹಳೆಯ ಲೇತಿನ ಚಕ್ಕಿಗೆ, ಅಂದರೆ ಕೆಲಸವನ್ನು ಹಿಡಿದು ತಿರುಗಿಸುವ ಭಾಗಕ್ಕೆ, ಒಂದು ಸ್ಟೆಪ್ಪರ್ ಮೋಟಾರು ಕಟ್ಟಿ ಪೈಪು ಅರ್ಧ ಸುತ್ತು ತಿರುಗುವಂತೆ ಮಾಡಿದೆವು. ಲೇಸರಿನ ತಲೆಯನ್ನು ಸ್ಟ್ಯಾಂಡಿಗೆ ಬಿಗಿದು, ಬೆಳಕಿನ ಚುಕ್ಕೆ 8 ಮಿ.ಮೀ. ಅಗಲ ಆಗುವಷ್ಟು ಮೇಲಕ್ಕೆ ಎತ್ತಿದೆವು. 600 ವಾಟು, ಅರ್ಧ ಸುತ್ತಿಗೆ ನಾಲ್ಕು ಸೆಕೆಂಡು. ಮಬ್ಬುಗೆಂಪಿನ ಒಂದು ಪಟ್ಟಿ ಪೈಪನ್ನು ಬಳಸಿ ಹೋಗಿ ಮಾಯವಾಯಿತು. ತಣಿದ ಮೇಲೆ ಡಯಲ್ ಗೇಜು ಇಟ್ಟು ನೋಡಿದರೆ ಕಾಲು ಡಿಗ್ರಿ. ಎಲ್ಲರೂ ಚಪ್ಪಾಳೆ ಹೊಡೆದರು.

ಕಾಲು ಡಿಗ್ರಿಗೆ ಒಂದು ಗೆರೆ ಎಂದರೆ ತೊಂಬತ್ತು ಡಿಗ್ರಿಗೆ 360 ಗೆರೆ. ಗೆರೆ ಎಳೆಯಲು ನಾಲ್ಕು ಸೆಕೆಂಡು, ಗಾಳಿ ಹಾಯಿಸಿ ತಣಿಸಲು ಇಪ್ಪತ್ತೈದು. ಒಂದು ಬಾಗಿಗೆ ಮೂರು ಗಂಟೆ! ಡೈ ಇರುವ ಮಷೀನು ಅದೇ ಬಾಗನ್ನು ಅರ್ಧ ನಿಮಿಷದೊಳಗೆ ಮಾಡುತ್ತದೆ. ಈ ಗುಣಾಕಾರವನ್ನು ಮೊದಲ ದಿನ ಯಾರೂ ಮಾಡಲಿಲ್ಲ.

ಮಾಡಿದ ಮೇಲೂ ಮಾಲೀಕರು ಬಿಡಲಿಲ್ಲ. ತಣಿಸುವುದನ್ನು ಬಿಟ್ಟು ಗೆರೆಯ ಹಿಂದೆ ಗೆರೆ ಎಳೆಸಿದರು. ಎಂಟು ಹತ್ತು ಗೆರೆ ಆಗುವಷ್ಟರಲ್ಲಿ ಕೋನ ಏರುವುದು ನಿಂತಿತು. ಕಾರಣ ಸರಳ: ತಣ್ಣನೆಯ ಪಕ್ಕಗಳು ತಡೆ ಒಡ್ಡಿದರೆ ಮಾತ್ರ ಈ ಕೆಲಸ ನಡೆಯುತ್ತದೆ. ಇಡೀ ಪೈಪೇ ಕಾದು ಕೂತರೆ ತಡೆಯುವವರು ಯಾರು? ವಾಟು ಏರಿಸಿದಾಗ ಗೋಡೆ ಕರಗಿ ತೂತು ಬಿತ್ತು. ಮೂರನೆಯ ವಾರದ ಕೊನೆಗೆ ನಮ್ಮ ಕೈಯಲ್ಲಿದ್ದದ್ದು ಕಪ್ಪಗೆ ಸುಟ್ಟ, ಮೂವತ್ತೊಂದು ಡಿಗ್ರಿ ಬಾಗಿದ, ಪಕ್ಕಕ್ಕೂ ಒಂದಿಷ್ಟು ತಿರುಚಿಕೊಂಡ ಒಂದು ಪೈಪು.

ಹೊಸ ಮಾದರಿಗೆ ಡೈ ಆರ್ಡರು ಹೋಯಿತು. ಮೂರು ವಾರ ತಡವಾಗಿ ಹೋಯಿತು.

ಗಾಡಿ ಚಕ್ರದ ಮಾತು

ಬೆಂಡಿಂಗ್ ಮಷೀನಿನ ಹಿರಿಯ ಆಪರೇಟರ್ ತಳಿ ಕಡೆಯವರು. ಮಾಲೀಕರೂ ಸೇರಿ ಎಲ್ಲರಿಗೂ ಅವರು ಅಣ್ಣ. ತಂದೆ ಕುಲುಮೆ ಇಟ್ಟಿದ್ದವರು. ಮೂರು ವಾರವೂ ಅವರು ನಮ್ಮ ಪ್ರಯೋಗದ ಹತ್ತಿರ ಬಂದಿರಲಿಲ್ಲ. ಬಿಟ್ಟುಬಿಡುವುದೆಂದು ತೀರ್ಮಾನವಾದ ದಿನ ಸಾಯಂಕಾಲ ಟೀ ಕುಡಿಯುತ್ತಾ ಆ ಸುಟ್ಟ ಪೈಪನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು.

"ಸಾರ್, ನಮ್ಮಪ್ಪ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಹಾಕ್ತಿದ್ರು. ಚಕ್ರಕ್ಕಿಂತ ಒಂಚೂರು ಚಿಕ್ಕದಾಗೇ ಮಾಡ್ತಿದ್ರು. ಬೆರಣಿ ಬೆಂಕೀಲಿ ಕಾಯಿಸಿದ್ರೆ ಹಿಗ್ಗೋದು, ಚಕ್ರಕ್ಕೆ ಕೂರ್ಸಿ ನೀರು ಹೊಯ್ದ್ರೆ ಕುಗ್ಗಿ ಕಚ್ಕೊಳ್ಳೋದು. ಅದು ಬಿಗಿ ಮಾಡೋ ಕೆಲಸ ಸಾರ್. ಅದ್ರಲ್ಲಿ ಯಾರೂ ಚಕ್ರಾನೇ ಮಾಡ್ತಿರ್ಲಿಲ್ಲ."

"ಅಂದ್ರೆ ಏನಣ್ಣಾ ಹೇಳ್ತೀರಿ?"

"ಒಂದು ಗೆರೆಗೆ ಕಾಲು ಡಿಗ್ರಿ ಬರುತ್ತೆ ಅಂದ್ರಲ್ಲ. ನನಗೆ ಬೇಕಾಗಿರೋದು ಒಂದು ಡಿಗ್ರಿ. ಅಲ್ಲಿ ಗುಜರಿ ಡಬ್ಬದಲ್ಲಿ ಅರವತ್ತು ಬಿದ್ದಿವೆ ನೋಡಿ."

ಈ ಪ್ರಕರಣದ ತಿರುವು ಇದೇ. ಬಾಗಿಸುವುದಕ್ಕೆ ಸಾಲದ ಕಾಲು ಡಿಗ್ರಿ, ತಿದ್ದುವುದಕ್ಕೆ ಬೇಕಾದ ಅಳತೆಗೆ ಸರಿಯಾಗಿತ್ತು. 120 ಮಿ.ಮೀ. ಕೊನೆಯಲ್ಲಿ ಅದು ಅರ್ಧ ಮಿಲಿಮೀಟರಿನ ಚಲನೆ. ಎರಡು ಮಿಲಿಮೀಟರು ತಪ್ಪಿದ ಪೈಪಿಗೆ ನಾಲ್ಕು ಗೆರೆ. ಫ್ಲೇಂಜು ಇದ್ದರೂ ಅಡ್ಡಿಯಿಲ್ಲ, ಏಕೆಂದರೆ ಪೈಪನ್ನು ಒತ್ತುವುದೂ ಇಲ್ಲ, ಎಳೆಯುವುದೂ ಇಲ್ಲ. ನಾವು ಲೇಸರಿನ ಶಕ್ತಿಯನ್ನು ಅದರ ವೇಗದಲ್ಲಿ ಹುಡುಕುತ್ತಿದ್ದೆವು. ಅದು ಇದ್ದದ್ದು ಅದರ ಸಣ್ಣತನದಲ್ಲಿ.

ತಂತಿ ತುಂಡು

ಮುಂದಕ್ಕೆ ಹೋಗುವ ಮೊದಲು ಒಂದು ವಿಷಯವನ್ನು ಸ್ವಲ್ಪ ಉದ್ದವಾಗಿಯೇ ಹೇಳಬೇಕು.

ಕೈಯಲ್ಲಿ ಹಿಡಿಯುವ ಲೇಸರ್ ವೆಲ್ಡಿಂಗ್ ಮಷೀನಿನಲ್ಲಿ ಒಂದು ಕಾವಲು ಇರುತ್ತದೆ. ಕೆಲಸಕ್ಕೆ ಒಂದು ಕ್ಲಿಪ್ ಹಾಕಿರಬೇಕು, ತಲೆಯ ತುದಿಯ ನಾಜಲ್ ಕೆಲಸವನ್ನು ಮುಟ್ಟಿರಬೇಕು. ಆಗ ಮಾತ್ರ ಸರ್ಕಿಟ್ ಪೂರ್ತಿಯಾಗಿ ಲೇಸರ್ ಹಾರುತ್ತದೆ. ನಾವು ತಲೆಯನ್ನು ಪೈಪಿನಿಂದ ಮೇಲಕ್ಕೆ ಎತ್ತಿದ್ದೆವು. ನಾಜಲ್ ಮುಟ್ಟುತ್ತಿರಲಿಲ್ಲ. ಹಾಗಿದ್ದರೂ ಲೇಸರ್ ಹಾರುತ್ತಿತ್ತು. ಹೇಗೆ ಎಂದು ನಾನು ಕೇಳಿರಲಿಲ್ಲ.

ತಿದ್ದುವ ಕೆಲಸಕ್ಕೆ ಫಿಕ್ಸ್ಚರ್, ಅಂದರೆ ಪೈಪು ಹಿಡಿದಿಡುವ ಚೌಕಟ್ಟು, ಮಾಡಲು ಸ್ಟ್ಯಾಂಡು ಬಿಚ್ಚಿದ ದಿನ ಕಂಡಿತು. ಕ್ಲಿಪ್ಪಿನಿಂದ ನಾಜಲಿಗೆ ಒಂದು ತಂತಿ ತುಂಡು ಸುತ್ತಿದ್ದರು. ಮಷೀನಿಗೆ ಅದು ಸದಾ ಕೆಲಸವನ್ನು ಮುಟ್ಟಿಕೊಂಡೇ ಇದೆ ಎಂಬ ಭ್ರಮೆ. ಟ್ರಿಗರ್ ಒತ್ತಿದರೆ ಎತ್ತ ಮುಖ ಮಾಡಿದ್ದರೂ ಹಾರುತ್ತದೆ. ಸುತ್ತಿದವನು ಇಪ್ಪತ್ತೊಂದು ವರ್ಷದ ಹುಡುಗ. "ಟ್ರಯಲ್ ನಡೀಬೇಕಿತ್ತು ಸಾರ್, ನೀವೇ ಎತ್ತಿ ಅಂದ್ರಲ್ಲ" ಅಂದ. ಅವನು ಹೇಳಿದ್ದು ನಿಜ. ಎತ್ತಿ ಎಂದವನು ನಾನು. ಎತ್ತಿದರೆ ಕಾವಲು ತಪ್ಪುತ್ತದೆ ಎಂದು ಗೊತ್ತಿರಬೇಕಾದವನೂ ನಾನೇ.

ಈ ಲೇಸರ್ 4ನೇ ವರ್ಗದ್ದು, ಅಂದರೆ ಅಪಾಯದ ಪಟ್ಟಿಯಲ್ಲಿ ಎಲ್ಲಕ್ಕಿಂತ ಮೇಲಿನದು. ಅದರ ತರಂಗಾಂತರ 1,080 ನ್ಯಾನೋಮೀಟರಿನ ಆಸುಪಾಸು, ಕಣ್ಣಿಗೆ ಕಾಣದ ಅವಕೆಂಪು. ಕಣ್ಣು ಮುಚ್ಚಿಕೊಳ್ಳಬೇಕೆಂದು ಅನ್ನಿಸುವುದೇ ಇಲ್ಲ, ಏಕೆಂದರೆ ಬೆಳಕೇ ಕಾಣುವುದಿಲ್ಲ. ಆದರೆ ಕಣ್ಣಿನ ಮಸೂರ ಅದನ್ನು ಸೀದಾ ರೆಟಿನಾದ ಮೇಲೆ ಚುಕ್ಕೆಯಾಗಿ ಕೂರಿಸುತ್ತದೆ. ಹೊಳೆಯುವ ಸ್ಟೇನ್‌ಲೆಸ್ ಪೈಪು ಬಿದ್ದದ್ದರಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹಿಂದಕ್ಕೆ ಎಸೆಯುತ್ತದೆ, ಪೈಪು ದುಂಡಗಿರುವುದರಿಂದ ಸುತ್ತಲೂ ಎಸೆಯುತ್ತದೆ. ಚಪ್ಪಾಳೆ ಹೊಡೆದ ದಿನ ಆ ಪೈಪಿನ ಸುತ್ತ ಏಳು ಜನ ನಿಂತಿದ್ದೆವು. ಇಬ್ಬರ ಕಣ್ಣಿಗೆ ಲೇಸರ್ ಕನ್ನಡಕ ಇತ್ತು, ಮೂವರು ಆರ್ಕ್ ವೆಲ್ಡಿಂಗಿನ ಕಪ್ಪು ಗಾಜು ಹಿಡಿದಿದ್ದರು. ಆ ಗಾಜು ಈ ಲೇಸರಿಗೆ ಮಾಡಿದ್ದಲ್ಲ.

ಯಾರಿಗೂ ಏನೂ ಆಗಲಿಲ್ಲ. ಏಳು ಜನರ ಕಣ್ಣೂ ಪರೀಕ್ಷೆಯಾಯಿತು. ಆದರೆ ಆ ರಾತ್ರಿ ನಾನು ನಿದ್ದೆ ಮಾಡಲಿಲ್ಲ.

ಎರಡು ವಾರ ಕೆಲಸ ನಿಲ್ಲಿಸಿದೆವು. ಮಾಲೀಕರಿಗೆ ಇದು ಕಷ್ಟದ ತೀರ್ಮಾನ, ಆದರೂ ಒಂದು ಮಾತು ಆಡಲಿಲ್ಲ. ದಪ್ಪ ಶೀಟಿನಿಂದ ಪೂರ್ತಿ ಮುಚ್ಚಿದ ಪೆಟ್ಟಿಗೆ ಕಟ್ಟಿಸಿದರು. ಕೀಲುಗಳ ಹಿಂದೆ, ಬಾಗಿಲಿನ ಅಂಚಿನಲ್ಲಿ ಸಂದು ಉಳಿಯದಂತೆ ಮಡಿಕೆ ಕೊಡಿಸಿದರು. ಬಾಗಿಲಿಗೆ ಎರಡು ಸ್ವಿಚ್ಚು: ಎರಡೂ ಮುಚ್ಚದೆ ಲೇಸರ್ ಹಾರುವುದಿಲ್ಲ. ಒಳಗೆ ನೋಡಲು ಗಾಜಿನ ಬದಲು ಒಂದು ಕ್ಯಾಮೆರಾ. ನಾಜಲಿನ ಕಾವಲನ್ನು ಬಾಗಿಲಿನ ಕಾವಲಿಗೆ ಬದಲಿಸುವ ವೈರಿಂಗನ್ನು ಮಷೀನು ಮಾರಿದವರ ಸರ್ವಿಸ್ ಎಂಜಿನಿಯರನ್ನು ಕರೆಸಿ, ಅವರ ಕೈಯಲ್ಲೇ ಮಾಡಿಸಿದೆವು. ಆ ತಂತಿ ತುಂಡನ್ನು ಅಣ್ಣ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದ್ದಾರೆ. ಹೊಸದಾಗಿ ಸೇರುವ ಹುಡುಗರಿಗೆ ಮೊದಲು ತೋರಿಸುವುದು ಅದನ್ನೇ.

ಗೆರೆಗಳನ್ನು ಕಲಿತದ್ದು

ಪೆಟ್ಟಿಗೆ ಬಂದ ಮೇಲೆ ಗುಜರಿ ಡಬ್ಬದ ಪೈಪುಗಳ ಮೇಲೆಯೇ ಅಭ್ಯಾಸ ಶುರುವಾಯಿತು. ಒಂದು ಉದ್ದ ನೋಟ್‌ಬುಕ್ಕು ಇಟ್ಟು ಪ್ರತಿ ಗೆರೆಯನ್ನೂ ಬರೆದೆವು: ಪೈಪಿನ ಬ್ಯಾಚು, ವಾಟು, ಸೆಕೆಂಡು, ಎಷ್ಟು ಡಿಗ್ರಿ ಬಂತು, ಪಕ್ಕಕ್ಕೆ ಎಷ್ಟು ಹೋಯಿತು.

ಮೊದಲು ಕಾಡಿದ್ದು ಪಕ್ಕಕ್ಕೆ ಹೋಗುವುದು. ಮೇಲಕ್ಕೆ ತಿದ್ದಲು ಹೋದರೆ ಪೈಪು ಬಲಕ್ಕೂ ಒಂದಿಷ್ಟು ಸರಿಯುತ್ತಿತ್ತು. ಅರ್ಧ ಸುತ್ತು ಒಂದೇ ಸಲಕ್ಕೆ ಕಾಯುವುದಿಲ್ಲವಲ್ಲ, ಒಂದು ಕಡೆಯಿಂದ ಶುರುವಾಗಿ ಇನ್ನೊಂದು ಕಡೆಗೆ ಮುಗಿಯುತ್ತದೆ. ಶುರುವಿನ ತುದಿ ತಣಿದು ಎಳೆಯಲು ತೊಡಗಿದಾಗ ಕೊನೆಯ ತುದಿ ಇನ್ನೂ ಮೆತ್ತಗೆ ಇರುತ್ತದೆ. ಒಂದು ಗೆರೆ ಎಡದಿಂದ ಬಲಕ್ಕೆ ಎಳೆದರೆ ಮುಂದಿನದನ್ನು ಬಲದಿಂದ ಎಡಕ್ಕೆ ಎಳೆಯಬೇಕು. ಜೋಡಿಯಾಗಿ ಎಳೆದರೆ ಪಕ್ಕದ ಸರಿತ ಒಂದಕ್ಕೊಂದು ವಜಾ ಆಗುತ್ತದೆ. ಅಲ್ಲಿಂದ ಗೆರೆಗಳನ್ನು ಸಮಸಂಖ್ಯೆಯಲ್ಲೇ ಎಳೆಯುವುದು ರೂಢಿಯಾಯಿತು.

ಎರಡನೆಯದು ಮೇಲ್ಮೈ. ಹೊಳೆಯುವ ಪೈಪು ಶಾಖವನ್ನು ಕಡಿಮೆ ಕುಡಿಯುತ್ತದೆ. ಒಮ್ಮೆ ಕಾದು ಬಣ್ಣ ತಿರುಗಿದ ಜಾಗ ಹೆಚ್ಚು ಕುಡಿಯುತ್ತದೆ. ಎಣ್ಣೆಯ ಬೆರಳಚ್ಚು ಬಿದ್ದ ಜಾಗದ್ದು ಇನ್ನೊಂದು ಲೆಕ್ಕ. ಅದೇ ವಾಟು, ಅದೇ ಸೆಕೆಂಡು ಇಟ್ಟರೂ ಒಮ್ಮೆ 0.2, ಇನ್ನೊಮ್ಮೆ 0.35 ಡಿಗ್ರಿ ಬರುತ್ತಿದ್ದದ್ದು ಇದರಿಂದಲೇ. ಅಸಿಟೋನಿನಿಂದ ಒರೆಸುವುದು, ಆರ್ಗಾನ್ ಗ್ಯಾಸು ಹಾಯಿಸುವುದು, ಎಳೆದ ಗೆರೆಯ ಮೇಲೆಯೇ ತಕ್ಷಣ ಎಳೆಯದೆ 10 ಮಿ.ಮೀ. ಪಕ್ಕಕ್ಕೆ ಸರಿಸುವುದು, ಇಷ್ಟು ಮಾಡಿದ ಮೇಲೆ ಅಂಕಿಗಳು ಹತ್ತಿರಕ್ಕೆ ಬಂದವು.

ಮೂರನೆಯದನ್ನು ನೋಟ್‌ಬುಕ್ಕು ತೋರಿಸಿಕೊಟ್ಟಿತು. ಯಾವ ಪೈಪಿನಲ್ಲೂ ಮೊದಲ ಗೆರೆ ಉಳಿದವುಗಳ ಹಾಗೆ ವರ್ತಿಸುವುದಿಲ್ಲ. ತಣ್ಣಗಿದ್ದಾಗಲೇ ಎಳೆದು ಬಾಗಿಸಿದ ಪೈಪಿನೊಳಗೆ ಆ ಎಳೆತ ಒತ್ತಡಗಳು ಅಡಗಿ ಕೂತಿರುತ್ತವೆ. ಮೊದಲ ಶಾಖ ಅವನ್ನು ಬಿಡಿಸುತ್ತದೆ, ಆಗ ಪೈಪು ತನ್ನಷ್ಟಕ್ಕೇ ಒಂದಿಷ್ಟು ಕದಲುತ್ತದೆ. ಹಾಗಾಗಿ ಮೊದಲ ಜೋಡಿಗೆರೆ ಎಳೆದು, ತಣಿಸಿ, ಅಳೆದು, ಆಮೇಲೆಯೇ ಇನ್ನೆಷ್ಟು ಬೇಕೆಂದು ತೀರ್ಮಾನಿಸುವುದು. ಇದಕ್ಕೆ ಅಣ್ಣನ ಹೆಸರು "ಮಾತಾಡಿಸಿ ನೋಡೋದು".

ಎಲ್ಲಿ ಗೆರೆ ಎಳೆಯಬೇಕು ಎಂಬುದಕ್ಕೂ ಯೋಚಿಸಬೇಕಾಯಿತು. ಬಾಗಿನ ಮೇಲೆಯೇ ಬೇಡವೆಂದು ತೀರ್ಮಾನಿಸಿದೆವು, ಅಲ್ಲಿನ ಲೋಹ ಈಗಾಗಲೇ ದಣಿದಿದೆ. ವೆಲ್ಡಿನ ಪಕ್ಕವೂ ಬೇಡ. ಎರಡರ ನಡುವಿನ ನೇರ ಭಾಗದಲ್ಲಿ ಸಿಕ್ಕ ಜಾಗ ಮೂರು ಸಾಲು ಗೆರೆಗೆ ಸಾಕಾಗುವಷ್ಟು.

ಇಷ್ಟೆಲ್ಲ ಕಲಿತ ಮೇಲೆ ಬೆಂಡಿಂಗ್ ಮಷೀನಿನ ಸೆಟ್ಟಿಂಗನ್ನೇ ಬದಲಿಸಬೇಕೆಂದು ಹೊಳೆದದ್ದು ಮಾಲೀಕರಿಗೆ. ಬೆಂಡಿಂಗಿನಲ್ಲಿ ಕೆಲವು ಪೈಪು ಹೆಚ್ಚು, ಕೆಲವು ಕಡಿಮೆ ಬಾಗುತ್ತಿದ್ದವು. ಲೇಸರ್ ಬಿದ್ದ ಕಡೆಗೆ ಮಾತ್ರ ಬಾಗುವುದರಿಂದ ಹೆಚ್ಚು ಬಾಗಿದ್ದಕ್ಕೆ ಹೊರಬದಿಯಲ್ಲಿ, ಕಡಿಮೆ ಬಾಗಿದ್ದಕ್ಕೆ ಒಳಬದಿಯಲ್ಲಿ ಗೆರೆ ಎಳೆಯಬೇಕು. ಫಿಕ್ಸ್ಚರ್ ತಿರುಗಿಸುವಾಗ ಗಲಿಬಿಲಿಯಾಗಿ ಒಂದೆರಡು ಪೈಪು ಇನ್ನಷ್ಟು ಕೆಟ್ಟವು. ಮಾಲೀಕರು ಬೆಂಡಿಂಗ್ ಕೋನವನ್ನು ಇದ್ದದ್ದಕ್ಕಿಂತ ಅರ್ಧ ಡಿಗ್ರಿಯೊಳಗೆ ಸ್ವಲ್ಪ ಇಳಿಸಿ, ತಪ್ಪುವುದಾದರೆ ಒಂದೇ ಕಡೆಗೆ ತಪ್ಪುವಂತೆ ಮಾಡಿದರು. ಗೇಜಿನ ಹೊರಗೆ ನಿಲ್ಲುವ ಪೈಪುಗಳ ಸಂಖ್ಯೆ ಸ್ವಲ್ಪ ಏರಿತು. ಆದರೆ ಎಲ್ಲವೂ ಒಂದೇ ಕೈಗೆ ಸಿಗುವಂಥವು. ತಿದ್ದುವ ದಾರಿ ಕೈಯಲ್ಲಿದ್ದಾಗ ತಪ್ಪನ್ನೂ ಆ ದಾರಿಗೆ ತಿರುಗಿಸಿದ ಈ ತೀರ್ಮಾನ ಇಡೀ ಪ್ರಕರಣದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು.

ಗಿರಾಕಿಗೆ ಹೇಳಬೇಕೋ ಬೇಡವೋ

ಎರಡನೆಯ ತಿಂಗಳ ಕೊನೆಗೆ ಗುಜರಿಗೆ ಹೋಗುವ ಪೈಪು ಅರವತ್ತರಿಂದ ಹತ್ತಕ್ಕಿಂತ ಕೆಳಗೆ ಇಳಿಯಿತು. ತಿದ್ದಿದ ಪೈಪುಗಳನ್ನು ಬೇರೆಯಾಗಿ ಕಟ್ಟಿಟ್ಟಿದ್ದೆವು, ಕಳಿಸಿರಲಿಲ್ಲ. ಕಳಿಸುವ ಮೊದಲು ಗಿರಾಕಿಗೆ ತಿಳಿಸಬೇಕೇ ಎಂಬ ಪ್ರಶ್ನೆ ಎದ್ದಿತು.

ತಿಳಿಸುವುದು ಬೇಡ ಎನ್ನುವವರ ವಾದವೂ ಬಲವಾಗಿತ್ತು. ಗೇಜಿನಲ್ಲಿ ಕೂರುತ್ತದೆ, ಸೋರುವುದಿಲ್ಲ, ಪಿಕ್ಲಿಂಗ್ ಪೇಸ್ಟು ಎನ್ನುವ ಆಸಿಡ್ ಪೇಸ್ಟು ಹಚ್ಚಿ ತೊಳೆದರೆ ಶಾಖದ ಬಣ್ಣವೂ ಹೋಗುತ್ತದೆ. ಸನ್ನೆ ಹಾಕಿ ಎಳೆಯುತ್ತಿದ್ದದ್ದನ್ನೇನು ತಿಳಿಸಿದ್ದೆವೇ? ತಿಳಿಸಿದರೆ ಅವರು ಬೇಡ ಅನ್ನಬಹುದು, ಅಂದರೆ ಎಲ್ಲ ಖರ್ಚೂ ನೀರಿನಲ್ಲಿ ಹೋಮ.

ನನ್ನ ಚಿಂತೆ ಕಣ್ಣಿಗೆ ಕಾಣದ್ದರ ಬಗ್ಗೆ. ಈ ಜಾತಿಯ ಸ್ಟೇನ್‌ಲೆಸ್ ಸ್ಟೀಲನ್ನು 450ರಿಂದ 850 ಡಿಗ್ರಿ ಸೆಲ್ಸಿಯಸ್ ನಡುವೆ ಹೆಚ್ಚು ಹೊತ್ತು ಇಟ್ಟರೆ ಒಳಗಿನ ಇಂಗಾಲ ಕ್ರೋಮಿಯಮ್ಮನ್ನು ಲೋಹದ ಹರಳುಕಣಗಳ ಅಂಚಿಗೆ ಎಳೆದುಕೊಂಡು ಕಟ್ಟಿಕೊಳ್ಳುತ್ತದೆ. ಅಂಚಿನ ಪಕ್ಕದಲ್ಲಿ ಕ್ರೋಮಿಯಮ್ ಕಡಿಮೆಯಾಗಿ ಅಲ್ಲಿಂದ ತುಕ್ಕು ಒಳಹೋಗುತ್ತದೆ. ನಾವು ಗೆರೆ ಎಳೆದಾಗಲೆಲ್ಲ ಲೋಹ ಈ ವಲಯವನ್ನು ಹಾದು ಹೋಗಿ ಹಾದು ಬರುತ್ತಿತ್ತು. 304ಎಲ್ ಗ್ರೇಡಿನಲ್ಲಿ ಇಂಗಾಲ ಶೇಕಡಾ 0.03ಕ್ಕಿಂತ ಹೆಚ್ಚಿರುವುದಿಲ್ಲ, ಪ್ರತಿ ಸಲ ಹಾದು ಹೋಗುವುದು ಕೆಲವೇ ಸೆಕೆಂಡು. ಅಪಾಯ ಕಡಿಮೆ. ಆದರೆ ಕಡಿಮೆ ಎಂದು ಬಾಯಲ್ಲಿ ಹೇಳುವುದು ಬೇರೆ, ಪೈಪು ಕೊಯ್ದು ತೋರಿಸುವುದು ಬೇರೆ. ಅದೂ ಅಲ್ಲದೆ ವಾಹನದ ಬಿಡಿಭಾಗದ ಕೆಲಸದಲ್ಲಿ ಒಪ್ಪಿಗೆಯಾದ ಪ್ರಾಸೆಸ್ ಬದಲಾದರೆ ಗಿರಾಕಿಗೆ ತಿಳಿಸಿಯೇ ಮುಂದುವರಿಯಬೇಕೆಂಬುದು ಒಪ್ಪಂದದ ಮಾತು. ಅಣ್ಣ ಒಂದೇ ಮಾತಿನಲ್ಲಿ ಮುಗಿಸಿದರು: "ನಾಳೆ ಅವ್ರೇ ಕಂಡುಹಿಡಿದ್ರೆ, ಸರಿಯಿರೋ ಸಾವಿರ ಪೈಪನ್ನೂ ನಂಬಲ್ಲ ಸಾರ್."

ಮಾಲೀಕರು ಫೋನ್ ಮಾಡಿದರು.

ಗಿರಾಕಿಯ ಕ್ವಾಲಿಟಿಯಿಂದ ಬಂದ ಹೆಣ್ಣುಮಗಳು ಮೊದಲು ಕೇಳಿದ್ದು ನೋಟ್‌ಬುಕ್ಕನ್ನು. ಎಣ್ಣೆ ಬಿದ್ದ, ಮೂರು ಕೈಬರಹದ, ಅರ್ಧ ಕನ್ನಡ ಅರ್ಧ ತಮಿಳಿನ ಆ ಪುಸ್ತಕವನ್ನು ಒಂದು ಗಂಟೆ ಕೂತು ಓದಿದರು. ಮೂರನೆಯ ಪುಟದಲ್ಲಿದ್ದ ಕರಗಿ ತೂತು ಬಿದ್ದ ಪೈಪಿನ ದಾಖಲೆಯ ಮೇಲೆ ಬೆರಳಿಟ್ಟು, "ಇದನ್ನೂ ಬರೆದಿದ್ದೀರಲ್ಲ, ಒಳ್ಳೆಯದಾಯ್ತು" ಅಂದರು. ಎಂಟು ಪೈಪು ಕೊಯ್ಯಲು ತೆಗೆದುಕೊಂಡು ಹೋದರು. ಎಎಸ್‌ಟಿಎಂ ಎ262 ಎಂಬ ಮಾನದಂಡದ ಪ್ರಕಾರ ಆಕ್ಸಾಲಿಕ್ ಆಸಿಡ್ಡಿನಲ್ಲಿ ಕೊರೆದು ಸೂಕ್ಷ್ಮದರ್ಶಕದಲ್ಲಿ ನೋಡುವ ಪರೀಕ್ಷೆ, ಗೋಡೆಯ ದಪ್ಪ, ಒತ್ತಡದ ಪರೀಕ್ಷೆ, ಅಲುಗಾಟದ ಪರೀಕ್ಷೆ ಎಲ್ಲ ನಡೆಯಿತು. ಆರು ಗೆರೆಯವರೆಗಿನ ಪೈಪುಗಳು ಎಲ್ಲದರಲ್ಲೂ ಪಾಸಾದವು. ನಾವು ಹಟಕ್ಕೆ ಇಪ್ಪತ್ತು ಗೆರೆ ಎಳೆದು ಸೇರಿಸಿದ್ದ ಒಂದು ಪೈಪಿನ ಕಣಗಳ ಅಂಚಿನಲ್ಲಿ ಗುರುತುಗಳು ಕಂಡವು. ಅದನ್ನು ಬೇಕೆಂದೇ ಸೇರಿಸಿದ್ದೆವು, ಮಿತಿ ಎಲ್ಲಿದೆ ಎಂದು ಗೊತ್ತಾಗಬೇಕಿತ್ತು.

ಒಪ್ಪಿಗೆ ಕಾಗದದಲ್ಲಿ ಬಂತು, ಷರತ್ತಿನೊಂದಿಗೆ. ಒಂದು ಪೈಪಿಗೆ ಆರು ಗೆರೆಯೇ ಕೊನೆ, ಅದಕ್ಕೂ ಸರಿಹೋಗದಿದ್ದರೆ ಗುಜರಿಗೆ. 304ಎಲ್ ಬಿಟ್ಟು ಬೇರೆ ಗ್ರೇಡಿಗೆ ಮತ್ತೆ ಪರೀಕ್ಷೆಯಾಗಬೇಕು. ತಿದ್ದಿದ ಪ್ರತಿ ಪೈಪಿನ ಮೇಲೂ ಗುರುತು ಇರಬೇಕು.

ಆಮೇಲೆ

ಈ ಸುದ್ದಿ ಅಕ್ಕಪಕ್ಕದ ಶೆಡ್ಡುಗಳಿಗೆ ಹಬ್ಬಿ ಮೂರು ನಾಲ್ಕು ಜನ ತಮ್ಮ ಪೈಪುಗಳನ್ನು ತಂದಿದ್ದರು. ಅಲ್ಯೂಮಿನಿಯಂ ಪೈಪು ಶಾಖವನ್ನು ಕ್ಷಣದಲ್ಲಿ ಇಡೀ ಮೈಗೆ ಹಂಚಿಬಿಟ್ಟಿತು, ಕೋನ ಏರಲೇ ಇಲ್ಲ. ಜಿಂಕ್ ಲೇಪದ ಜಿ.ಐ. ಪೈಪನ್ನು ಮಾಲೀಕರು ಪೆಟ್ಟಿಗೆಯೊಳಗೇ ಬಿಡಲಿಲ್ಲ, ಆ ಹೊಗೆ ಕುಡಿದರೆ ಜ್ವರ ಬರುತ್ತದೆ. ಒಬ್ಬರು ದಪ್ಪ ಗೋಡೆಯ ಹ್ಯಾಂಡ್‌ರೈಲ್ ತಂದು ಪೂರ್ತಿ ಬಾಗು ಲೇಸರಿನಲ್ಲೇ ಆಗಬೇಕೆಂದು ಕೇಳಿದರು. ಅಣ್ಣ ಅವರನ್ನು ಬೆಂಡಿಂಗ್ ಮಷೀನಿನ ಹತ್ತಿರ ಕರೆದುಕೊಂಡು ಹೋದರು.

ಹಾಗೆ ಪೈಪು ಹಿಡಿದು ಬರುವವರಿಗೆ ನಾನು ಈಗ ಮೂರು ಪ್ರಶ್ನೆ ಕೇಳುತ್ತೇನೆ. ನಿಮ್ಮ ಪೈಪು ಎಷ್ಟು ಡಿಗ್ರಿ ತಪ್ಪುತ್ತಿದೆ, ಅದನ್ನು ಒಂದು ಗೆರೆಗೆ ಬರುವ ಕೋನದಿಂದ ಭಾಗಿಸಿದರೆ ಎಷ್ಟು ಬರುತ್ತದೆ? ಲೇಸರ್ ಹಾರುವಾಗ ಅದರ ಮತ್ತು ಮನುಷ್ಯರ ನಡುವೆ ಏನಿದೆ? ಶಾಖ ಬಿದ್ದ ಪೈಪನ್ನು ಕೊಯ್ದು ನೋಡಲು ಗಿರಾಕಿ ಒಪ್ಪಿದ್ದಾರೆಯೇ? ಮೊದಲ ಪ್ರಶ್ನೆಗೆ ಹತ್ತಕ್ಕಿಂತ ದೊಡ್ಡ ಉತ್ತರ ಬಂದರೆ ಉಳಿದೆರಡು ಕೇಳುವುದಿಲ್ಲ, ಡೈ ಮಾಡುವವರ ಫೋನ್ ನಂಬರು ಕೊಡುತ್ತೇನೆ.

ಹೊಸ ಮಾದರಿಯ ಡೈ ಈಗ ಮಷೀನಿನ ಮೇಲಿದೆ. ಪೆಟ್ಟಿಗೆ ಅದರಿಂದ ಆರು ಹೆಜ್ಜೆ ದೂರ. ತಂತಿ ಸುತ್ತಿದ್ದ ಹುಡುಗನೇ ಅದನ್ನು ನಡೆಸುತ್ತಾನೆ. ನೋಟ್‌ಬುಕ್ಕು ಮೂರನೆಯದಕ್ಕೆ ಬಂದಿದೆ.